ಎಡಗಡೆ ಸೀಟಿನ ಭಾರ

ನಮ್ಮೆಜಮಾನರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಅದನ್ನು ಬೇರೆಲ್ಲೂ ಯಾರೂ ಓದಿದವರಿಲ್ಲ. ಬೀದಿಗೆಲ್ಲ ಅವರು ‘ನೋಡೋಣ ಮೇಸ್ತ್ರಿ’. ಲೋಕದಲ್ಲಿ ಬೇರೆ ಯಾರಾದರೂ ‘ನೋಡೋಣ’ ಅಂದರೆ ಈ ಕೆಲಸ ಆಗುವುದಿಲ್ಲ, ಸುಮ್ಮನೆ ಮನೆಗೆ ಹೋಗಿ ಎಂದು ಅರ್ಥ. ಇವರು ಅಂದರೆ ಮಾತ್ರ ನಿಜಕ್ಕೂ ನೋಡುತ್ತಾರೆ. ಗಾಡಿ ತಂದವರು ‘ಗೇರ್‌ಬಾಕ್ಸ್ ಹೋಗೇಬಿಟ್ಟಿದೆ ಮೇಸ್ತ್ರಿ’ ಎಂದು ಅಳುಮುಖ ಮಾಡಿದರೂ ‘ನೋಡೋಣ’. ‘ಏನೂ ಆಗಿಲ್ಲ, ಸುಮ್ನೆ ಒಂದು ಸದ್ದು’ ಎಂದು ಹಲ್ಲು ಕಿರಿದರೂ ‘ನೋಡೋಣ’. ಗಾಡಿ ಎತ್ತಿ, ನಟ್ಟು ಬಿಚ್ಚಿ, ಭಾಗವನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡುವ ತನಕ ಬಾಯಿಗೆ ಬೀಗ.

ಇದೇನೂ ಹುಟ್ಟುಗುಣವಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಬಸ್ ಡಿಪೋಗೆ ಸೇರಿದ ಹೊಸತರಲ್ಲಿ ಇವರೂ ಎಲ್ಲರ ಹಾಗೆ ಬಾಯಿಬಡುಕರೇ ಆಗಿದ್ದರಂತೆ. ಒಂದು ದಿನ ಹಿಂದಿನಿಂದ ಕಟಕಟ ಸದ್ದು ಮಾಡುತ್ತ ಬಸ್ಸೊಂದು ಬಂತು. ಇವರು ಕಿವಿಗೊಟ್ಟು ಕೇಳಿ, ದೊಡ್ಡ ಡಾಕ್ಟರ ಹಾಗೆ ತಲೆಯಾಡಿಸಿ, ‘ಹಿಂದಿನ ಆಕ್ಸಲ್ ಹೋಗಿದೆ’ ಎಂದು ಘೋಷಿಸಿಬಿಟ್ಟರು. ನಾಲ್ಕು ಜನ ಸೇರಿ ಎರಡು ದಿನ ಬಿಚ್ಚಿದರು. ಒಳಗೆ ಎಲ್ಲ ಸರಿಯಾಗಿಯೇ ಇತ್ತು. ಸದ್ದು ಬರುತ್ತಿದ್ದದ್ದು ಕೊನೆಯ ಸೀಟಿನ ಅಡಿಯಲ್ಲಿ ಯಾರೋ ಮರೆತುಹೋಗಿದ್ದ ಸ್ಟೀಲ್ ಊಟದ ಡಬ್ಬಿಯಿಂದ. ಡಿಪೋ ಹಿರಿಯ ಮೇಸ್ತ್ರಿ ಒಂದು ವಾರ ಆ ಡಬ್ಬಿಯನ್ನು ಇವರ ಸೊಂಟಕ್ಕೆ ಕಟ್ಟಿಸಿ ಕೆಲಸ ಮಾಡಿಸಿದರಂತೆ. ಅಂದಿನಿಂದ ಶುರುವಾದ ‘ನೋಡೋಣ’ ಇಂದಿಗೂ ನಿಂತಿಲ್ಲ.

ಗ್ಯಾರೇಜಿಗಾದರೆ ಈ ಗುಣ ಒಳ್ಳೆಯದೇ. ಸಂಸಾರಕ್ಕೆ ಹಿಂಸೆ. ನನ್ನನ್ನು ನೋಡಲು ಬಂದ ದಿನ ಇವರ ದೊಡ್ಡಮ್ಮ ‘ಹುಡುಗಿ ಒಪ್ಪಿಗೆಯೇನೋ?’ ಎಂದು ಎಲ್ಲರೆದುರು ಕೇಳಿದಾಗ ಈ ಮಹಾನುಭಾವರು ‘ನೋಡೋಣ’ ಅಂದರು. ನಾನು ಅಲ್ಲೇ ಎದುರಿಗೇ ಕೂತಿದ್ದೆ! ಇನ್ನೇನು ನೋಡುವುದಿತ್ತೋ ದೇವರಿಗೇ ಗೊತ್ತು. ಮೂವತ್ತೊಂದು ವರ್ಷವಾಯಿತು, ಆ ಮಾತನ್ನು ನಾನಿನ್ನೂ ಮರೆತಿಲ್ಲ. ಮಗಳು ಹುಟ್ಟಿದಾಗಲೂ ಅದೇ ಕಥೆ. ಹೆರಿಗೆ ಕೋಣೆಯಿಂದ ಹೊರಗೆ ಬಂದ ನರ್ಸಕ್ಕ ‘ಮೇಸ್ತ್ರಿ, ಹೆಣ್ಣು ಮಗು!’ ಎಂದು ಸಂಭ್ರಮದಿಂದ ಹೇಳಿದರೆ ಇವರು ‘ನೋಡೋಣ’ ಎನ್ನಬೇಕೆ? ‘ಯಾಕೆ, ನಾನೇನು ಸುಳ್ಳು ಹೇಳ್ತೀನಾ?’ ಎಂದು ನರ್ಸಕ್ಕ ಗದರಿದ್ದು ನನಗೆ ಒಳಗಿನ ಮಂಚದವರೆಗೂ ಕೇಳಿಸಿತ್ತು.

ಈ ಕಥೆಗೆ ಆ ನರ್ಸಕ್ಕನೂ ಬೇಕು, ಅವರ ತಂಗಿಯೂ ಬೇಕು. ನಮ್ಮ ಬೀದಿಯ ಆ ತುದಿಯ ಹಸಿರು ಬಾಗಿಲ ಮನೆಯಲ್ಲಿ ಅಕ್ಕ ತಂಗಿ ಇಬ್ಬರೇ ಇರುವುದು. ಇಬ್ಬರೂ ಮದುವೆಯ ಗೊಡವೆಗೆ ಹೋದವರಲ್ಲ. ಅಕ್ಕ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತಾರು ವರ್ಷ ನರ್ಸ್ ಆಗಿದ್ದವರು. ಸಣಕಲು ಮೈ, ದೊಡ್ಡ ಗಂಟಲು. ತಂಗಿ ಟೈಲರ್. ಮನೆಯ ಮುಂಕೋಣೆಯೇ ಅಂಗಡಿ. ಮೈಕೈ ತುಂಬಿಕೊಂಡವರು, ಮಾತು ಮೆಲ್ಲಗೆ, ಕೈ ಮಾತ್ರ ಚುರುಕು. ಬೀದಿಯ ಅರ್ಧ ಮಕ್ಕಳನ್ನು ಅಕ್ಕ ಈ ಲೋಕಕ್ಕೆ ತಂದರೆ ಅವಕ್ಕೆಲ್ಲ ತಂಗಿ ಅಂಗಿ ಹೊಲಿದರು ಎಂದು ನಾವು ತಮಾಷೆ ಮಾಡುತ್ತೇವೆ.

ನಿವೃತ್ತಿಯಾದ ವಾರವೇ ನರ್ಸಕ್ಕ ಒಂದು ಸ್ಪೋರ್ಟ್ಸ್ ಕಾರು ತಂದರು. ಕೆಂಪು ಬಣ್ಣ, ಎರಡೇ ಸೀಟು, ಮೇಲೆ ಬಟ್ಟೆಯ ಮುಚ್ಚಳ, ಇಪ್ಪತ್ತು ವರ್ಷ ಹಳೆಯದು, ಅಕ್ಕ ಅದಕ್ಕೆ ಮೂರನೆಯ ಒಡತಿ. ಬೀದಿಗೆ ಬೀದಿಯೇ ಕಿಟಕಿಗೆ ಬಂದು ನಿಂತಿತು. ‘ಈ ವಯಸ್ಸಲ್ಲಿ ಇದೇನಕ್ಕಾ?’ ಎಂದು ನಾನೇ ಕೇಳಿದ್ದೆ. ‘ಮೂವತ್ತಾರು ವರ್ಷ ಬೇರೆಯವರ ನೋವಿಗೆ ಅಂತ ಆಂಬುಲೆನ್ಸಲ್ಲಿ ಓಡಾಡಿದ್ದೀನಿ. ಇನ್ಮೇಲೆ ನನ್ನ ಖುಷಿಗೆ ಓಡಾಡ್ತೀನಿ, ಏನೀಗ?’ ಎಂದರು. ಏನೂ ಇಲ್ಲ ಎಂದು ನಾನು ಬಾಯಿ ಮುಚ್ಚಿಕೊಂಡೆ.

ಭಾನುವಾರ ಬಂತೆಂದರೆ ಅಕ್ಕ ತಂಗಿ ಹೊರಟರು. ಬಲಗಡೆ ಸ್ಟಿಯರಿಂಗ್ ಹಿಡಿದು ಅಕ್ಕ, ಎಡಗಡೆ ತಲೆಗೆ ಕೆಂಪು ಬಟ್ಟೆ ಕಟ್ಟಿಕೊಂಡು ತಂಗಿ. ದಾರಿ ಹೇಳುವುದು ತಂಗಿಯ ಕೆಲಸ. ನರ್ಸಕ್ಕನಿಗೆ ದಿಕ್ಕು ಅನ್ನುವುದೇ ತಿಳಿಯದು. ಅವರೊಬ್ಬರನ್ನೇ ಬಿಟ್ಟರೆ ಪೋಸ್ಟ್ ಆಫೀಸಿಗೆ ಹೊರಟವರು ರೈಲ್ವೆ ಸ್ಟೇಷನ್ನಿಗೆ ಹೋಗಿ ನಿಲ್ಲುತ್ತಾರೆ. ತಂಗಿ ‘ಈಗ ಎಡಕ್ಕೆ, ಈಗ ಬಲಕ್ಕೆ, ಮುಂದೆ ಹಸು ಇದೆ’ ಎಂದು ಹೇಳುತ್ತ ಹೋದರೆ ಅಕ್ಕ ಹಾಗೇ ತಿರುಗಿಸುತ್ತ ಹೋಗುವರು. ಕೆರೆ ದಂಡೆ, ಬೆಟ್ಟದ ತಿರುವು, ಎಲ್ಲೋ ಒಂದು ಟೀ ಅಂಗಡಿ ಎಂದು ಸುತ್ತಿ ಸಂಜೆಗೆ ಇಬ್ಬರೂ ಕೆದರಿದ ಕೂದಲಿನಲ್ಲಿ ವಾಪಸಾಗುತ್ತಿದ್ದರು.

ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಕಾರಿನ ಹಿಂಭಾಗ ಕುಣಿಯತೊಡಗಿತು. ರಸ್ತೆಯ ಉಬ್ಬು ದಾಟಿದರೆ ಒಂದು ಸಲ ಎಗರಿ ಸುಮ್ಮನಾಗಬೇಕಾದ ಕಾರು ನಾಲ್ಕು ಸಲ ಎಗರುತ್ತಿತ್ತು. ಒಂದು ಭಾನುವಾರ ತಂಗಿಯ ತಲೆ ಕಾರಿನ ಮುಚ್ಚಳದ ಕಂಬಿಗೆ ಬಡಿದು ಬಾತುಕೊಂಡಿತು. ಮಾರನೆಯ ದಿನವೇ ನರ್ಸಕ್ಕ ಕಾರನ್ನು ನಮ್ಮ ಗ್ಯಾರೇಜಿಗೆ ತಂದರು.

ಆ ದಿನವನ್ನು ನೆನೆದರೆ ನನಗೆ ನನ್ನ ಮೇಲೂ ಸಿಟ್ಟು ಬರುತ್ತದೆ. ಶೆಡ್ಡಿನೊಳಗೆ ಎರಡು ಗಾಡಿ, ಹೊರಗೆ ಮೂರು. ಕೌಂಟರಿನಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು. ಇವರು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಬಡಿಸಿಟ್ಟ ಊಟ ಆರುತ್ತಿದೆ ಎಂದು ನಾನು ‘ರೀ, ಬೇಗ ಮುಗಿಸಿ ಬನ್ನಿ ಅಂದ್ರೆ!’ ಎಂದು ಮೂರನೆಯ ಸಲ ಕೂಗಿದ್ದೆ. ಇವರು ಕಾರಿನ ಹಿಂದೆ ಹೋಗಿ ಎಡಮೂಲೆಯ ಮೇಲೆ ಅಂಗೈಯೂರಿ ಒತ್ತಿ ಬಿಟ್ಟರು. ಕಾರು ಮೇಲೆ ಕೆಳಗೆ ತೂಗಾಡಿತು. ‘ಹಿಂದಿನ ಶಾಕ್ ಅಬ್ಸಾರ್ಬರ್ ಹೋಗಿದೆ. ಎಡಗಡೆ ಭಾರ ಜಾಸ್ತಿ ಬಿದ್ದು ಕೂತುಹೋಗಿದೆ ಅಷ್ಟೆ. ಜೋಡಿ ಹೊಸದು ತರಿಸ್ತೀನಿ’ ಎಂದು ಹೇಳಿ ಕೈ ತೊಳೆಯಲು ಬಂದರು. ನೋಡೋಣ ಎನ್ನಲಿಲ್ಲ. ಬಲಮೂಲೆಯನ್ನು ಒತ್ತಿ ನೋಡಲೂ ಇಲ್ಲ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ನನ್ನ ಗಂಡ ಬಿಚ್ಚದೆ, ನೋಡದೆ ತೀರ್ಪು ಕೊಟ್ಟಿದ್ದರು. ಊಟ ಬಡಿಸುವ ಗಡಿಬಿಡಿಯಲ್ಲಿ ನಾನೂ ಅದನ್ನು ಗಮನಿಸಲಿಲ್ಲ.

ಹಳೆಯ ಕಾರಾದ್ದರಿಂದ ಹೊಸ ಜೋಡಿ ಬರಲು ಮೂರು ವಾರ ಹಿಡಿಯಿತು. ಪೆಟ್ಟಿಗೆ ಬಂತೆಂದು ಫೋನ್ ಮಾಡಿದೆ. ನರ್ಸಕ್ಕ ಬೆಳಿಗ್ಗೆ ಒಂಬತ್ತಕ್ಕೇ ಕಾರು ತಂದರು, ಒಬ್ಬರೇ. ಎಡಗಡೆ ಸೀಟಿನಲ್ಲಿ ಕೈಚೀಲ ಕೂತಿತ್ತು, ಅದಕ್ಕೆ ಬೆಲ್ಟ್ ಬೇರೆ ಹಾಕಿದ್ದರು.

‘ಟೈಲರಮ್ಮ ಎಲ್ಲಕ್ಕಾ?’ ಎಂದೆ.

‘ಬರಲ್ಲ ಅವಳು. ಮಾತೇ ಆಡ್ತಿಲ್ಲ, ಇನ್ನು ಕಾರಲ್ಲಿ ಕೂರ್ತಾಳಾ?’

ಕೌಂಟರಿನ ಸ್ಟೂಲು ಎಳೆದು ಕೂತು ಎಲ್ಲ ಹೇಳಿದರು. ಅಂದು ಗ್ಯಾರೇಜಿನಿಂದ ಮನೆಗೆ ಹೋದವರು ಅಂಗಡಿಯಲ್ಲಿ ಇಬ್ಬರು ಗಿರಾಕಿಗಳು ನಿಂತಿರುವಾಗಲೇ ನಗುನಗುತ್ತ, ‘ಮೇಸ್ತ್ರಿನೇ ಹೇಳಿದ್ರು ಕಣೇ, ನಿನ್ನ ಭಾರಕ್ಕೇ ಕಾರು ಕೂತುಹೋಗಿದೆಯಂತೆ’ ಅಂದರಂತೆ. ಗಿರಾಕಿಗಳೂ ನಕ್ಕರಂತೆ. ತಂಗಿ ಕತ್ತರಿ ಕೆಳಗಿಟ್ಟು ಒಳಗೆ ಹೋದರು. ಅಂದಿನಿಂದ ಮನೆಯಲ್ಲಿ ಮಾತಿಲ್ಲ. ಹೇಳಬೇಕಾದ್ದನ್ನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಚೀಟಿಯಲ್ಲಿ ಬರೆದು ಗುಂಡುಪಿನ್ನಿನಿಂದ ಪರದೆಗೆ ಚುಚ್ಚುತ್ತಾರೆ. ಮೊನ್ನೆ ಒಲೆಯ ಮೇಲೆ ಹಾಲು ಉಕ್ಕುತ್ತಿದ್ದಾಗಲೂ ತಂಗಿ ಬಾಯಿ ಬಿಡದೆ ‘ಹಾಲು ಉಕ್ಕುತ್ತಿದೆ’ ಎಂದು ಬರೆದು ತಂದು ತೋರಿಸಿದರಂತೆ. ಓದಿ ಮುಗಿಸುವಷ್ಟರಲ್ಲಿ ಹಾಲೆಲ್ಲ ಒಲೆಯ ಪಾಲು.

ನನಗೆ ನಗು ತಡೆಯಲಾಗಲಿಲ್ಲ. ನರ್ಸಕ್ಕನೂ ನಕ್ಕರು. ನಗುತ್ತಿದ್ದಂತೆಯೇ ಅವರ ಕಣ್ಣು ತುಂಬಿಕೊಂಡಿತು. ‘ತಮಾಷೆಗೆ ಅಂದೆ ಕಣಮ್ಮ. ಕ್ಷಮಿಸು ಅಂತ ನಾಲ್ಕು ಸಲ ಕೇಳಿದ್ದೀನಿ, ಎದ್ದು ಹೋಗ್ತಾಳೆ. ಇವತ್ತು ಹೊಸದು ಹಾಕಿಸ್ತೀನಿ, ಆದ್ರೂ ಅವಳು ಕೂರ್ಲಿಲ್ಲ ಅಂದ್ರೆ ಕಾರು ಮಾರಿಬಿಡ್ತೀನಿ. ಒಬ್ಬಳೇ ಓಡಿಸೋಕೆ ಅಂತ ತಗೊಂಡಿದ್ದಲ್ಲ ಇದನ್ನ.’

ಇವರು ಚಕ್ರದ ಸ್ಪ್ಯಾನರ್ ಹಿಡಿದು ಅಲ್ಲೇ ನಿಂತಿದ್ದರು. ಮುಖ ಬಿಳಿಚಿಕೊಂಡಿತ್ತು.  ಕಾರಿನ ಹಿಂದಕ್ಕೆ ಹೋಗಿ ಜ್ಯಾಕ್ ಇಟ್ಟರು.

ನಮ್ಮ ಶೆಡ್ಡು ದೊಡ್ಡದಲ್ಲ. ತಗಡಿನ ಮಾಡು, ಮಧ್ಯದಲ್ಲಿ ಆಳುದ್ದದ ಗುಂಡಿ, ಗೋಡೆಯ ಮೇಲೆ ಪ್ರತಿ ಸ್ಪ್ಯಾನರಿಗೂ ಅದರದೇ ಆಕಾರದ ಕಪ್ಪು ಗುರುತು. ಯಾವುದು ವಾಪಸಾಗಿಲ್ಲ ಎಂದು ನಾನು ಕೌಂಟರಿನಲ್ಲಿ ಕೂತೇ ಹೇಳಬಲ್ಲೆ. ಆ ದಿನ ಇವರ ಕೆಲಸವನ್ನು ನಾನು ಕಣ್ಣು ಕೀಳದೆ ನೋಡಿದೆ. ಹಿಂದಿನ ಎರಡು ಚಕ್ರ ಕಳಚಿದರು. ಡಿಕ್ಕಿಯೊಳಗಿನ ದಪ್ಪ ಬಟ್ಟೆ ಎತ್ತಿ ಮೇಲಿನ ನಟ್ಟುಗಳನ್ನು ಬಿಚ್ಚಿದರು. ಕೆಳಗಿನ ಬೋಲ್ಟು ತುಕ್ಕು ಹಿಡಿದು ಮೊಂಡು ಹಿಡಿಯಿತು. ಅದಕ್ಕೆ ಎಣ್ಣೆ ಬಿಟ್ಟು, ಕಾದು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಮತ್ತೆ ಎಣ್ಣೆ ಬಿಟ್ಟು ಹಟ ಬಿಡಿಸಿದರು. ಊಟದ ಹೊತ್ತಿಗೆ ಹಳೆಯ ಶಾಕ್ ಅಬ್ಸಾರ್ಬರ್ ಎರಡೂ ಬೆಂಚಿನ ಮೇಲಿದ್ದವು. ನರ್ಸಕ್ಕ ಬೀದಿಯಾಚೆ ಯಾರದೋ ಮೊಮ್ಮಗುವನ್ನು ನೋಡಿ ಬರಲು ಹೋಗಿದ್ದರು.

‘ಬಾ ಇಲ್ಲಿ’ ಎಂದು ಇವರು ನನ್ನನ್ನು ಕರೆದರು.

ಬಲಗಡೆಯದು ಮೇಲಿಂದ ಕೆಳಗಿನವರೆಗೆ ಎಣ್ಣೆ ಸೋರಿ ಕಪ್ಪಗೆ ಜಿಡ್ಡುಗಟ್ಟಿತ್ತು. ಎಡಗಡೆಯದು ಧೂಳು ಹಿಡಿದಿದ್ದರೂ ಒಣಗಿತ್ತು. ಎಡಗಡೆಯದರ ಕಂಬಿಯನ್ನು ಒಳಕ್ಕೆ ಒತ್ತಿ ಬಿಟ್ಟರು. ಅದು ಮುದುಕರು ಕುರ್ಚಿಯಿಂದ ಏಳುವ ಹಾಗೆ ನಿಧಾನವಾಗಿ ಮೇಲಕ್ಕೆ ಬಂತು. ಬಲಗಡೆಯದನ್ನು ಒತ್ತಿದರು. ಸರ‍್ರನೆ ಒಳಗೆ ಹೋಗಿ ಅಲ್ಲೇ ಉಳಿಯಿತು, ಮೇಲೇಳಲೇ ಇಲ್ಲ.

‘ಪೂರ್ತಿ ಸತ್ತಿರೋದು ಬಲಗಡೆದು, ನರ್ಸಕ್ಕ ಕೂರೋ ಕಡೆದು’ ಎಂದರು. ‘ಆದ್ರೆ ಅದಲ್ಲ ವಿಷಯ. ಭಾರ ಹೊರೋದು ಸ್ಪ್ರಿಂಗು. ಸ್ಪ್ರಿಂಗು ಕುಣಿಯೋದನ್ನ ನಿಲ್ಲಿಸೋದು ಇದರ ಕೆಲಸ. ಭಾರಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ. ಡಿಪೋಗೆ ಸೇರಿದ ಮೊದಲ್ನೇ ವರ್ಷವೇ ಕಲಿತ ಪಾಠ. ಗೊತ್ತಿದ್ದೂ ಬಾಯಿಗೆ ಬಂದದ್ದು ಅಂದ್ಬಿಟ್ಟೆ.’

ಇಷ್ಟು ಉದ್ದದ ಮಾತು ಇವರ ಬಾಯಿಂದ ನಾನು ಕೇಳಿದ್ದು ನನ್ನ ಮಾವನವರು ತೀರಿಕೊಂಡ ವರ್ಷ ಒಂದು ಸಲ. ಕನಿಕರವಾಯಿತು. ಸಿಟ್ಟೂ ಬಂತು. ನನಗೆ ಎರಡೂ ಒಟ್ಟಿಗೇ ಬರುವುದು.

‘ಹಾಗಾದ್ರೆ ಹೋಗಿ ಟೈಲರಮ್ಮಂಗೆ ಹೇಳಿ’ ಎಂದೆ.

‘ನೀನೇ ಹೋಗಿ ಹೇಳು. ನಿಂಗೆ ಮಾತು ಚೆನ್ನಾಗಿ ಬರುತ್ತೆ.’

‘ಆಹಾ! ಮಾತು ಆಡಿದ್ದು ನೀವು, ವಾಪಸ್ ತಗೊಂಡು ಬರೋಕೆ ನಾನಾ? ನಾನು ಕೂಗಿ ಅವಸರ ಮಾಡಿದ್ದು ತಪ್ಪು, ಒಪ್ಕೋತೀನಿ. ಅಷ್ಟು ಮಾತ್ರ ನಂದು. ಉಳಿದದ್ದು ನಿಮ್ದು.’

ಇವರು ಹೊಸ ಜೋಡಿಯನ್ನು ಪೆಟ್ಟಿಗೆಯಿಂದ ತೆಗೆದರು. ಎರಡನ್ನೂ ಕೂರಿಸಿ, ಮೇಲಿನ ನಟ್ಟು ಬಿಗಿದು, ಕೆಳಗಿನ ಬೋಲ್ಟುಗಳನ್ನು ಸಡಿಲವಾಗಿಯೇ ಬಿಟ್ಟು, ಚಕ್ರ ಹಾಕಿ ಕಾರನ್ನು ಗುಂಡಿಯ ಮೇಲಕ್ಕೆ ತಂದು ನಿಲ್ಲಿಸಿದರು. ಅಷ್ಟರಲ್ಲಿ ನರ್ಸಕ್ಕ ಬಂದರು. ‘ಆಯ್ತಾ ಮೇಸ್ತ್ರಿ?’

‘ಇಲ್ಲ. ಭಾರ ಕೂರಿಸ್ಬೇಕು’ ಎಂದರು ಇವರು.

ಇದು ನಮ್ಮ ಗ್ಯಾರೇಜಿನ ಪದ್ಧತಿ. ಕೆಳಗಿನ ಬೋಲ್ಟಿನ ಸುತ್ತ ದಪ್ಪ ರಬ್ಬರಿನ ಬಳೆಯೊಂದಿರುತ್ತದೆ. ಕಾರು ಜ್ಯಾಕಿನ ಮೇಲೆ ನೇತಾಡುತ್ತಿರುವಾಗ ಬೋಲ್ಟು ಬಿಗಿದರೆ ಆಮೇಲೆ ಕಾರು ನೆಲಕ್ಕಿಳಿದಾಗ ಆ ರಬ್ಬರು ತಿರುಚಿಕೊಂಡೇ ಇರುತ್ತದೆ. ನಾಲ್ಕು ತಿಂಗಳಲ್ಲಿ ಹರಿದು ಕಿರ‍್ರೆನ್ನುತ್ತದೆ. ಅದಕ್ಕೇ ನೆಲದ ಮೇಲೆ ನಿಲ್ಲಿಸಿ ಬಿಗಿಯಬೇಕು. ಬೇರೆ ಮೇಸ್ತ್ರಿಗಳು ಅಷ್ಟಕ್ಕೇ ಬಿಡುತ್ತಾರೆ. ಇವರದು ಇನ್ನೂ ಒಂದು ಹೆಜ್ಜೆ ಮುಂದೆ: ಆ ಕಾರಿನಲ್ಲಿ ದಿನಾ ಯಾರು ಕೂರುತ್ತಾರೋ ಅವರೇ ಬಂದು, ತಮ್ಮ ತಮ್ಮ ಜಾಗದಲ್ಲಿ ಕೂತು, ಕಾರು ಎಷ್ಟು ತಗ್ಗಬೇಕೋ ಅಷ್ಟು ತಗ್ಗಿದ ಮೇಲೆಯೇ ಸ್ಪ್ಯಾನರ್ ಹಾಕುವುದು. ನಮ್ಮ ಗುಂಡಿಯ ಮೇಲೆ ಅಜ್ಜಿ, ಬಾಣಂತಿ, ಮೂರು ಮಕ್ಕಳು, ನಾಯಿ ಸಮೇತ ಕುಟುಂಬಗಳು ಕೂತದ್ದಿದೆ.

ನರ್ಸಕ್ಕ ತಲೆ ಮೇಲೆ ಕೈ ಹೊತ್ತರು. ‘ಅವಳು ಬರಲ್ಲ ಮೇಸ್ತ್ರಿ. ಎರಡು ಮೂಟೆ ಅಕ್ಕಿ ಇಡಿ. ಎಷ್ಟು ಕಿಲೋ ಅಂತ ನಾನು ಕಿವೀಲಿ ಹೇಳ್ತೀನಿ.’

‘ಮೂಟೆ ಕೂರಿಸಿದ್ರೆ ಮೂಟೆಗೆ ಸರಿಹೋಗುತ್ತೆ’ ಎಂದರು ಇವರು.

ಹೇಳಿದವರೇ ಬೆಂಚಿನ ಮೇಲಿದ್ದ ಹಳೆಯ ಶಾಕ್ ಅಬ್ಸಾರ್ಬರ್ ಎರಡನ್ನೂ ಹಳೆ ಪೇಪರಿನಲ್ಲಿ ಸುತ್ತಿ, ಕಂಕುಳಲ್ಲಿ ಒಂದು, ಕೈಯಲ್ಲಿ ಒಂದು ಹಿಡಿದು ಬೀದಿಗಿಳಿದರು. ನಾನು ಇಂಥದ್ದನ್ನು ತಪ್ಪಿಸಿಕೊಳ್ಳುವವಳಲ್ಲ. ‘ಕೌಂಟರ್ ನೋಡ್ಕೊಳ್ಳಿ ಅಕ್ಕ’ ಎಂದು ನರ್ಸಕ್ಕನಿಗೆ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಹೊರಟೆ.

ಟೈಲರಮ್ಮ ಯಾವುದೋ ಹೋಟೆಲಿನ ಬಿಳಿ ಪರದೆಗಳನ್ನು ಮೇಜಿನ ತುಂಬ ಹರಡಿಕೊಂಡು ಕತ್ತರಿಸುತ್ತಿದ್ದರು. ಇವರು ಒಳಗೆ ಹೋದವರೇ ಎಣ್ಣೆ ಜಿಡ್ಡಿನ ಪೊಟ್ಟಣವನ್ನು ನೇರ ಆ ಬಿಳಿ ಬಟ್ಟೆಯ ಮೇಲೆ ಇಡಲು ಹೋಗಬೇಕೆ?

‘ಅಯ್ಯಯ್ಯೋ, ಅಲ್ಲಿ ಬೇಡ!’ ಎಂದು ಟೈಲರಮ್ಮ ಕಿರುಚಿದರು. ಮೂರು ವಾರದಲ್ಲಿ ಆ ಮನೆಯಲ್ಲಿ ಕೇಳಿಬಂದ ದೊಡ್ಡ ಮಾತು ಅದೇ ಇರಬೇಕು.

ಇವರು ನೆಲದ ಮೇಲೆ ಪೇಪರು ಹಾಸಿ ಕುಕ್ಕುರುಗಾಲಿನಲ್ಲಿ ಕೂತರು. ‘ಅಮ್ಮಾ, ಇದು ಎಡಗಡೆದು’ ಎಂದು ಒತ್ತಿ ತೋರಿಸಿದರು. ಅದು ಮೆಲ್ಲಗೆ ಎದ್ದಿತು. ‘ಇದು ಬಲಗಡೆದು.’ ಅದು ಏಳಲಿಲ್ಲ. ‘ನೀವು ಕೂರೋ ಕಡೆದು ಇನ್ನೂ ಸ್ವಲ್ಪ ಜೀವ ಇಟ್ಕೊಂಡಿತ್ತು. ಆ ಕಡೆದೇ ಮೊದಲು ಸತ್ತಿದ್ದು. ಎರಡೂ ಹಾಳಾಗಿದ್ದು ಹಳೇದಾಗಿ, ಯಾರ ಭಾರಕ್ಕೂ ಅಲ್ಲ. ಅವತ್ತು ನಾನು ನೋಡದೇ ಹೇಳ್ಬಿಟ್ಟೆ. ತಪ್ಪಾಯ್ತು.’

ಟೈಲರಮ್ಮ ಕೊರಳಲ್ಲಿದ್ದ ಟೇಪನ್ನು ಎಳೆದು ಕೈಗೆ ಸುತ್ತಿಕೊಂಡರು, ಬಿಚ್ಚಿದರು, ಮತ್ತೆ ಸುತ್ತಿಕೊಂಡರು. ‘ಅಳತೆ ತಗೊಳ್ದೇ ಕತ್ತರಿ ಹಾಕಿದ್ರಿ ಅನ್ನಿ’ ಎಂದರು.

‘ಹೂಂ.’

‘ಮೇಸ್ತ್ರಿ, ನಾನು ದಪ್ಪ ಅಂತ ನಂಗೆ ಗೊತ್ತಿಲ್ವಾ? ನನ್ನ ಬಟ್ಟೆ ನಾನೇ ಹೊಲ್ಕೊಳ್ಳೋಳು, ನನ್ನ ಅಳತೆ ನಂಗೆ ಬಾಯಿಪಾಠ. ಅದಕ್ಕಲ್ಲ ನಂಗೆ ಬೇಜಾರು. ಗಿರಾಕಿಗಳ ಮುಂದೆ ನಕ್ಕಳಲ್ಲ, ಅದಕ್ಕೆ. ಎರಡು ವರ್ಷ ಆ ಸೀಟಲ್ಲಿ ಕೂತು ದಾರಿ ಹೇಳಿದ್ದೀನಿ. ಕೊನೆಗೆ ನಾನು ಬರೀ ಭಾರ ಅಂದ್ಕೊಂಡ್ಳಾ ಅನ್ನಿಸ್ತು.’

ಇವರು ನನ್ನ ಕಡೆ ನೋಡಿದರು. ನಾನು ಬೇಕೆಂದೇ ಗೋಡೆಯ ಮೇಲಿನ ಕ್ಯಾಲೆಂಡರು ನೋಡುತ್ತ ನಿಂತೆ.

‘ಅವರು ನಗೋದಕ್ಕೆ ಮಾತು ಕೊಟ್ಟೋನು ನಾನು’ ಎಂದರು ಕಡೆಗೆ. ‘ಬಯ್ಯೋದಿದ್ರೆ ನನ್ನ ಬೈರಿ.’

‘ಅಕ್ಕ ಏನಂದ್ಳು, ಇದನ್ನ ನೋಡಿ?’

‘ಅವರಿಗಿನ್ನೂ ಹೇಳಿಲ್ಲ. ಮೊದ್ಲು ನಿಮಗೇ ಹೇಳ್ಬೇಕು ಅನ್ನಿಸ್ತು.’

ಟೈಲರಮ್ಮ ಟೇಪನ್ನು ಮೇಜಿನ ಮೇಲಿಟ್ಟರು. ಆಮೇಲೆ ತಾವೇ ಬಗ್ಗಿ ಬಲಗಡೆಯದನ್ನು ಒಂದು ಸಲ ಒತ್ತಿ ನೋಡಿದರು. ಬೆರಳಿಗೆ ಅಂಟಿದ ಎಣ್ಣೆಯನ್ನು ಚಿಂದಿ ಬಟ್ಟೆಗೆ ಒರೆಸಿಕೊಂಡರು. ‘ಅವಳ ಕಡೆದೇ ಅಲ್ವಾ ಇದು?’ ಎಂದು ಇನ್ನೊಂದು ಸಲ ಕೇಳಿ ಖಾತ್ರಿ ಮಾಡಿಕೊಂಡರು. ತುಟಿಯ ಮೂಲೆಯಲ್ಲಿ ಸಣ್ಣ ನಗು ಸುಳಿದದ್ದನ್ನು ನಾನು ಕಂಡೆ.

‘ಭಾರ ಕೂರಿಸ್ಬೇಕು. ನೀವು ಬಂದ್ರೇನೇ ಬೋಲ್ಟ್ ಬಿಗಿಯೋಕಾಗೋದು’ ಎಂದರು ಇವರು. ಆಡಿದ ಮೇಲೆ ‘ಭಾರ’ ಅಂದೆನಲ್ಲ ಎಂದು ನಾಲಿಗೆ ಕಚ್ಚಿಕೊಂಡರು.

‘ಹದಿನೈದೇ ನಿಮಿಷ’ ಎಂದರು ಟೈಲರಮ್ಮ. ‘ಪರದೆ ಸಂಜೆಗೆ ಕೊಡ್ಬೇಕು.’

ಅವರು ಶೆಡ್ಡಿನೊಳಗೆ ಕಾಲಿಟ್ಟಾಗ ಕೌಂಟರಿನಲ್ಲಿದ್ದ ನರ್ಸಕ್ಕ ಎದ್ದ ರಭಸಕ್ಕೆ ಸ್ಟೂಲು ಮಗುಚಿಬಿತ್ತು. ಸಾವಿರಾರು ಹೆರಿಗೆ ಮಾಡಿಸಿದ ಹೆಂಗಸಿಗೆ ಕೈಚೀಲವನ್ನು ಸೀಟಿನಿಂದ ತೆಗೆಯಲು ಬೆಲ್ಟಿನ ಗುಂಡಿ ಸಿಗಲಿಲ್ಲ. ಕಡೆಗೂ ತೆಗೆದರು. ಬಲಗಡೆ ಅಕ್ಕ ಕೂತರು, ಎಡಗಡೆ ತಂಗಿ ಕೂತರು. ಕಾರು ಇಷ್ಟೇ ಇಷ್ಟು ತಗ್ಗಿ ಸುಮ್ಮನೆ ನಿಂತಿತು. ಇಬ್ಬರೂ ನೇರ ಮುಂದಿನ ಗೋಡೆಯ ಸ್ಪ್ಯಾನರುಗಳನ್ನೇ ನೋಡುತ್ತಿದ್ದರು. ಇವರು ಗುಂಡಿಗಿಳಿದರು.

‘ಯಾರೂ ಅಲ್ಲಾಡ್ಬೇಡಿ’ ಎಂದು ಕೆಳಗಿನಿಂದ ದನಿ ಬಂತು.

ಅಲ್ಲಾಡಲಿಲ್ಲ. ಉಸಿರಾಡಿದರೋ ಇಲ್ಲವೋ ಗೊತ್ತಿಲ್ಲ. ನಾನು ಕೌಂಟರಿನಲ್ಲಿ ವಾಷರುಗಳನ್ನು ಎಣಿಸುವವಳ ಹಾಗೆ ನಟಿಸುತ್ತ ಕಿವಿಯನ್ನೆಲ್ಲ ಆ ಕಡೆಗೇ ಇಟ್ಟಿದ್ದೆ.

ಒಂದು ನಿಮಿಷವಾದ ಮೇಲೆ ಗುಂಡಿಯೇ ಮಾತಾಡಿತು. ‘ನರ್ಸಕ್ಕಾ, ಎಣ್ಣೆ ಸೋರಿ ಪೂರ್ತಿ ಸತ್ತಿದ್ದು ನಿಮ್ಮ ಕಡೆದು. ಎಡಗಡೆದು ಇದ್ದುದ್ರಲ್ಲಿ ವಾಸಿ ಇತ್ತು. ಅವತ್ತು ನಾನು ಹೇಳಿದ್ದು ತಪ್ಪು.’

‘ಹಾಂ?’ ನರ್ಸಕ್ಕ ಸೀಟಿನಲ್ಲಿ ಹೊರಳಿದರು. ‘ಹಾಗಾದ್ರೆ ನನ್ನ ಭಾರಕ್ಕಾ?’

‘ಅಲ್ಲಾಡ್ಬೇಡಿ ಅಂದೆ! ಯಾರ ಭಾರಕ್ಕೂ ಅಲ್ಲ. ವಯಸ್ಸಾಗಿತ್ತು, ಅಷ್ಟೆ.’

‘ಯಾರಿಗೆ? ಕಾರಿಗಾ, ಇವಳಿಗಾ?’ ಎಂದರು ಟೈಲರಮ್ಮ.

ನಾನು ತಡೆಯಲಾರದೆ ವಾಷರಿನ ಡಬ್ಬಿಗೆ ಮುಖ ಹುದುಗಿಸಿ ನಕ್ಕೆ. ನರ್ಸಕ್ಕ ನಗಲಿಲ್ಲ. ಸ್ಟಿಯರಿಂಗ್ ಮೇಲೆ ಎರಡೂ ಕೈಯಿಟ್ಟು ತಲೆ ತಗ್ಗಿಸಿಕೊಂಡು ಕೂತಿದ್ದರು. ಆ ದೊಡ್ಡ ಗಂಟಲು ಅಂದು ಎಷ್ಟು ಸಣ್ಣಗಾಗಿತ್ತೆಂದರೆ ನಾನು ವಾಷರು ಎಣಿಸುವ ನಾಟಕ ಬಿಟ್ಟು ಕುತ್ತಿಗೆ ಚಾಚಬೇಕಾಯಿತು.

‘ಎರಡು ವಾರ ಎಲ್ಲಿಗೂ ಹೋಗ್ಲಿಲ್ಲ ಕಣೇ. ಹೋದ ಭಾನುವಾರ ಹೊರಟೆ, ಕೆರೆಗೆ ಅಂತ. ಎಲ್ಲಿ ತಿರುಗ್ಬೇಕೋ ಗೊತ್ತಾಗ್ಲಿಲ್ಲ. ಯಾವುದೋ ಇಟ್ಟಿಗೆ ಭಟ್ಟಿ ಹತ್ರ ಹೋಗಿ ನಿಂತೆ. ಪಕ್ಕಕ್ಕೆ ತಿರುಗಿ ನಿನ್ನ ಕೇಳೋಕೆ ಹೋದೆ. ಸೀಟು ಖಾಲಿ. ಅಲ್ಲೇ ಕೂತ್ಕೊಂಡು ಅತ್ತೆ. ಅವತ್ತು ನಗಬಾರದಿತ್ತು ನಾನು. ನೀನು ಭಾರ ಅಲ್ಲ. ನೀನಿಲ್ದಿದ್ರೆ ನಂಗೆ ದಾರಿಯೇ ತಿಳಿಯಲ್ಲ.’

ಟೈಲರಮ್ಮ ಸೆರಗಿನಿಂದ ಒಮ್ಮೆ ಮೂಗೊರೆಸಿಕೊಂಡರು. ಆಮೇಲೆ ಅದೇ ಸೆರಗಿನ ತುದಿಯನ್ನು ಅಕ್ಕನ ಕಡೆ ಚಾಚಿದರು. ನರ್ಸಕ್ಕ ಅದರಲ್ಲೇ ಮುಖವೊರೆಸಿಕೊಂಡರು. ಕಾರು ಅಲ್ಲಾಡುತ್ತಿತ್ತು. ಕೆಳಗಿನಿಂದ ಯಾರೂ ಅಲ್ಲಾಡಬೇಡಿ ಎನ್ನಲಿಲ್ಲ.

ಆ ಎರಡು ಬೋಲ್ಟು ಬಿಗಿಯಲು ಹತ್ತು ನಿಮಿಷ ಸಾಕು. ಅರ್ಧ ಗಂಟೆಯಾಯಿತು. ಇಬ್ಬರೂ ಈಗ ಒಂದೇ ಸಮನೆ ಮಾತಾಡುತ್ತಿದ್ದರು, ಮೂರು ವಾರದ ಬಾಕಿಯೆಲ್ಲ: ಉಕ್ಕಿದ ಹಾಲು, ಹೋಟೆಲಿನ ಪರದೆ, ಯಾರದೋ ಮೊಮ್ಮಗುವಿನ ಮೂಗು. ನಾನು ಮೆಲ್ಲಗೆ ಹೋಗಿ ಗುಂಡಿಯ ಮೆಟ್ಟಿಲ ಬಳಿ ಬಗ್ಗಿ ನೋಡಿದೆ. ಇವರು ಕತ್ತಲಲ್ಲಿ ಗೋಡೆಗೊರಗಿ ನಿಂತಿದ್ದರು. ಸ್ಪ್ಯಾನರು ಜೇಬಿನಲ್ಲಿತ್ತು.

‘ಮುಗೀಲಿಲ್ವಾ?’ ಎಂದು ಪಿಸುಗುಟ್ಟಿದೆ.

‘ಮುಗ್ದು ಎಷ್ಟೋ ಹೊತ್ತಾಯ್ತು. ಸುಮ್ನಿರು’ ಎಂದರು.

ಕಡೆಗೆ ಟೈಲರಮ್ಮನೇ ‘ಮೇಸ್ತ್ರೀ, ಇನ್ನೂ ಎಷ್ಟೊತ್ತು?’ ಎಂದು ಕೂಗಿದರು. ಆಗ ಇವರು ಸುಮ್ಮನೆ ಕಬ್ಬಿಣಕ್ಕೆ ಸ್ಪ್ಯಾನರಿನಿಂದ ಎರಡೇಟು ತಟ್ಟಿ, ‘ಆಯ್ತು, ಹೊರಡಿ. ಬೀದಿ ಕೊನೇ ಉಬ್ಬು ದಾಟಿ ನೋಡಿ’ ಎಂದರು. ಗಾಡಿ ರಿಪೇರಿಯಾದರೆ ತಾವೇ ಓಡಿಸಿ ನೋಡದೆ ಕೀಲಿ ಕೊಡುವವರೇ ಅಲ್ಲ. ಈ ಕಾರಿನಲ್ಲಿ ಎರಡೇ ಸೀಟು, ಎರಡೂ ಭರ್ತಿಯಾಗಿದ್ದವು. ಎಬ್ಬಿಸಲು ಮನಸ್ಸು ಬರಲಿಲ್ಲವೇನೋ.

ಕಾರು ಗುಂಡಿಯ ಮೇಲಿಂದ ಸರಿದು ಬೀದಿಗಿಳಿಯಿತು. ನಾನು ಬಾಗಿಲಿಗೆ ಓಡಿದೆ. ‘ಎಡಕ್ಕೆ ತಗೋ, ಎಡಕ್ಕೆ’ ಎನ್ನುವುದು ಕೇಳಿಸಿತು. ಬೀದಿಯ ಕೊನೆಯ ಉಬ್ಬಿನ ಮೇಲೆ ಹಿಂಬದಿ ಒಂದು ಸಲ ಎದ್ದು, ಒಂದೇ ಸಲ ಇಳಿದು, ಹಾಗೇ ತಣ್ಣಗಾಯಿತು. ಕಾರು ಮೂಲೆಯಲ್ಲಿ ತಿರುಗಿಕೊಂಡು ಬಂದು ಅದೇ ಉಬ್ಬನ್ನು ಆ ಕಡೆಯಿಂದ ಮತ್ತೊಮ್ಮೆ ದಾಟಿತು. ಮೂರನೆಯ ಸಲವೂ ದಾಟಿ ಕೆರೆಯ ರಸ್ತೆಗೆ ಹೊರಳಿತು. ಹೋಟೆಲಿನ ಪರದೆಗಳ ಗತಿ ಏನಾಯಿತೋ ನಾನು ಕೇಳಲು ಹೋಗಿಲ್ಲ.

ಒಳಗೆ ಬಂದರೆ ಇವರು ಇನ್ನೂ ಗುಂಡಿಯಲ್ಲೇ ಇದ್ದರು. ಕಾರು ಹೋದ ಮೇಲೆ ಬಾಗಿಲ ಬೆಳಕು ನೇರ ಮುಖಕ್ಕೆ ಬಿದ್ದಿತ್ತು. ಕಣ್ಣು ಕೆಂಪಾಗಿತ್ತು. ಮುಂಗೈಯಿಂದ ಒರೆಸಿಕೊಂಡ ಕಡೆಯೆಲ್ಲ ಗ್ರೀಸು ಮೆತ್ತಿತ್ತು. ನಾನು ಏನಾದರೊಂದು ಚುಚ್ಚುಮಾತು ಆಡಬೇಕೆಂದಿದ್ದೆ, ಬಾಯಿ ಬರಲಿಲ್ಲ. ಈ ಮನುಷ್ಯನ ಮೇಲೆ ಅಷ್ಟು ಪ್ರೀತಿ ಉಕ್ಕಿ ಬಂತು.

‘ಇಲ್ಲಿಗೆ ಏನೂ ಕೇಳಿಸ್ಲಿಲ್ಲ’ ಎಂದರು. ‘ಉಬ್ಬು ದಾಟುವಾಗ ಹಿಂದೆ ಏನಾದ್ರೂ ಸದ್ದು ಬಂತಾ?’

‘ಬಂತು’ ಎಂದೆ.

ಇವರ ಮುಖ ಇಳಿದುಹೋಯಿತು. ‘ಬಂತಾ? ಎಂಥ ಸದ್ದು? ಕಟಕಟನಾ, ಕಿರಕಿರನಾ?’

‘ಅದೆರಡೂ ಅಲ್ಲ. ಇಬ್ರೂ ನಗ್ತಿದ್ರು’ ಎಂದು ಹೇಳಿ, ಮೇಲೆ ಬರಲು ಕೈ ಕೊಟ್ಟೆ.